ಉಂಡಿ ಡಬ್ಬಿಯ ತಳದ ಕಾಗದ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಲ್ಲಿ ನಾನು ಹೊಲಿದ ಬಟ್ಟೆಗಿಂತ ಹೇಳಿದ ಬುದ್ಧಿಮಾತೇ ಹೆಚ್ಚು. ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸರು ಮನೆಯ ಕಷ್ಟವನ್ನೂ ಹೇಳುತ್ತಾರೆ. ಟೇಪು ಹಿಡಿದವಳು ಹೂಂ ಅಂದು ಸುಮ್ಮನಿರಬೇಕು. ನನಗದು ಆಗುವುದಿಲ್ಲ. ಮೊಣಕಾಲು ನೋವಿಗೆ ಯಾವ ಎಣ್ಣೆ, ಸಿಟ್ಟಿನ ಸೊಸೆಯನ್ನು ಹೇಗೆ ಮಾತಾಡಿಸಬೇಕು, ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಸಿದ್ಧ.

ಒಬ್ಬಾಕೆ ಇದ್ದಾಳೆ, ಕೊಟ್ಟದ್ದು ಶಹಾಬಾದಿಗೆ, ತವರು ಸೇಡಂ. ತವರಿಗೆ ಬಂದಾಗಲೆಲ್ಲ ಪಂಜಾಬಿ ಡ್ರೆಸ್ಸು ನನ್ನ ಹತ್ತಿರವೇ ಹೊಲಿಸುತ್ತಾಳೆ. ಒಮ್ಮೆ ಅಳತೆ ಕೊಡುತ್ತ, ಗಂಡನ ಆಟೋಗೆ ಸೊಲ್ಲಾಪುರದಲ್ಲಿ ಸಾಲ ತೆಗೆದಿದ್ದೇವೆ, ಕಂತು ನಿಂತಿದೆ, ಏನಾಗುತ್ತದೋ ಎಂದು ಕಣ್ಣು ತುಂಬಿಕೊಂಡಳು.

"ಸೊಲ್ಲಾಪುರ ಅಂದ್ರ ಮಹಾರಾಷ್ಟ್ರ ಅಲ್ಲೇನು? ಹಂಗಾದ್ರ ಆರಾಮ ಇರು," ಅಂದೆ. "ಬ್ಯಾರೆ ರಾಜ್ಯದ ಸಾಲ ಗಡಿ ದಾಟಿ ಬರಂಗಿಲ್ಲ."

ಅಷ್ಟು ಗಟ್ಟಿಯಾಗಿ ಹೇಳಲು ನನಗೆ ಆಧಾರವಿತ್ತು. ನನ್ನದೇ ಸಾಲ ಎರಡು ವರ್ಷದಿಂದ ಗಡಿ ದಾಟಿ ಬಂದಿರಲಿಲ್ಲ.

ನನ್ನ ತವರು ತಾಂಡೂರಿನ ಮಗ್ಗುಲಿನ ಹಳ್ಳಿ. ಸೇಡಮ್ಮಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ನಡುವೆ ಎಲ್ಲೋ ಕರ್ನಾಟಕ ಮುಗಿದು ತೆಲಂಗಾಣ ಶುರುವಾಗುತ್ತದೆ. ಎಲ್ಲಿ ಎಂದು ಬೆರಳು ಮಾಡಿ ತೋರಿಸಲು ನನಗೆ ಈಗಲೂ ಬರುವುದಿಲ್ಲ. ಎರಡೂ ಕಡೆ ಅವೇ ತೊಗರಿ ಹೊಲ, ಅವೇ ಹಾಸುಗಲ್ಲಿನ ಗಣಿ. ಬೋರ್ಡುಗಳಲ್ಲಿ ಅಕ್ಷರದ ತಲೆಕಟ್ಟು ಬದಲಾದಾಗ ತವರು ಹತ್ತಿರ ಬಂತು ಅಂದುಕೊಳ್ಳುತ್ತಿದ್ದೆ.

ಕೊರೊನಾ ಬರುವ ಮೊದಲು ಎಂಬ್ರಾಯ್ಡರಿ ಮಷೀನು ತರಬೇಕೆಂದು ತಾಂಡೂರಿನ ಒಂದು ಫೈನಾನ್ಸಿನಲ್ಲಿ ಸಾಲ ತೆಗೆದೆ. ಇಲ್ಲಿಯ ಬ್ಯಾಂಕಿನವರು ಆ ಕಾಗದ ತಾ, ಈ ಕಾಗದ ತಾ ಎಂದು ಓಡಾಡಿಸುತ್ತಿದ್ದರು. ಅಲ್ಲಿ ಅಣ್ಣನ ಪರಿಚಯವಿತ್ತು, ನನ್ನ ಆಧಾರ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸವೇ ಇತ್ತು. ಅಣ್ಣ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಮಷೀನು ನಡೆಸುವವನು. ತನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗಿ, ಅವರು ಬೆರಳಿಟ್ಟಲ್ಲೆಲ್ಲ ನನ್ನ ಸಹಿಯ ಕೆಳಗೆ ತಾನೂ ಸಹಿ ಮಾಡಿದ. ವಾಪಸು ಬರುವಾಗ ಮಿರ್ಚಿ ಭಜಿ ತಿನ್ನಿಸಿದ.

ಆಮೇಲೆ ಲಾಕ್‌ಡೌನ್ ಬಂತು. ಮದುವೆ ಇಲ್ಲ, ಸೀಮಂತ ಇಲ್ಲ, ಜಂಪರ್ ಯಾರು ಹೊಲಿಸುತ್ತಾರೆ? ಕಂತು ನಿಂತಿತು. ಫೈನಾನ್ಸಿನಿಂದ ತೆಲುಗಿನಲ್ಲಿ ಫೋನು ಬರತೊಡಗಿದವು, ಮೊದಲು ಮರ್ಯಾದೆಯಿಂದ, ಆಮೇಲೆ ಮರ್ಯಾದೆ ಇಲ್ಲದೆ. ನಾನು ಸಿಮ್ ಬದಲಾಯಿಸಿದೆ. ಹೊಸ ಸಿಮ್ಮಿಗೆ ಆಫರ್ ಇತ್ತು ಎಂದು ಗಂಡನಿಗೆ ಹೇಳಿದೆ. ಅದು ಸುಳ್ಳು. ಅಂಗಡಿ ತೆರೆದ ಮೇಲೆ ಕೊಟ್ಟರಾಯಿತು ಎಂಬುದು ಮಾತ್ರ ಸುಳ್ಳಾಗಿರಲಿಲ್ಲ. ಆದರೆ ಅಂಗಡಿ ತೆರೆಯಿತು, ಯಾರೂ ಕೇಳಲು ಬರಲಿಲ್ಲ, ಕೇಳದ ಸಾಲವನ್ನು ನೆನಪಿಟ್ಟುಕೊಳ್ಳುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ. ಗಡಿ ಇದೆಯಲ್ಲ, ಅದೇ ತಡೆದಿದೆ ಅಂದುಕೊಂಡೆ. ಹಾಗೆಂದು ಯಾರು ಹೇಳಿದ್ದರು ಎಂದು ಈಗ ಎಷ್ಟು ಯೋಚಿಸಿದರೂ ಒಂದು ಮುಖವೂ ನೆನಪಾಗುವುದಿಲ್ಲ.

ನಮ್ಮಲ್ಲಿ ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ನಾನು ಹೋಗುವುದು ಕಡಿಮೆ, ಹಬ್ಬದ ಹೊತ್ತಿಗೆ ಓಣಿಯ ಬಟ್ಟೆಯೆಲ್ಲ ನನ್ನ ಕೈಯಲ್ಲಿರುತ್ತದೆ. ಹೋಗದ ಮಗಳಿಗೆ ಅಣ್ಣ ಉಂಡಿ ತಂದುಕೊಡುತ್ತಾನೆ, ಜೊತೆಗೆ ಸೀರೆ, ಕುಪ್ಪಸದ ಖಣ. ಉಂಡಿ ಹಿಡಿದು ಬಂದವನು ಮಗಳ ಮನೆಯಲ್ಲಿ ಕೆಟ್ಟ ಸುದ್ದಿ ಆಡಬಾರದು ಎಂಬುದೂ ನಮ್ಮ ಮನೆಯ ರೂಢಿ. ತವರಿನಲ್ಲಿ ಎಮ್ಮೆ ಸತ್ತಿದ್ದರೂ ಅಂದು ಎಲ್ಲಾ ಚಲೋ ಅದ ಎನ್ನಬೇಕು.

ಅಂಗಡಿ ತೆರೆದ ಮೇಲಿನ ಮೊದಲ ಪಂಚಮಿಗೆ ಅಣ್ಣ ಬಸ್ಸಿನಲ್ಲಿ ಬಂದ. ಉಂಡಿ ಇತ್ತು, ಖಣ ಇತ್ತು, ಸೀರೆ ಇರಲಿಲ್ಲ. ಖಣವನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದೆ, ಅದು ನನ್ನ ಕೈಗೆ ಅಂಟಿದ ಚಟ. ಒಂದು ಒಗೆತಕ್ಕೆ ಬಣ್ಣ ಬಿಡುವ ಮಾಲು.

"ಗಾಡಿ ಎಲ್ಲಿ ಅಣ್ಣಾ?" ಅಂದೆ.

"ರಿಪೇರಿಗಿ ಬಿಟ್ಟೀನಿ," ಅಂದ.

ಮರುವರ್ಷವೂ ಬಸ್ಸು, ಮರುವರ್ಷವೂ ಬರೀ ಖಣ. ಆ ಸಲ ನಾನು ಸುಮ್ಮನಿರಲಿಲ್ಲ. ಅತ್ತೆ, ಗಂಡ, ಪಕ್ಕದ ಮನೆಯವರು ಎಲ್ಲರೂ ಕೂತಿದ್ದಾಗಲೇ, "ಏನಣ್ಣಾ, ಗಾಡಿ ಇನ್ನಾ ರಿಪೇರಿ ಆಗಿಲ್ಲೇನು? ತಾಂಡೂರದಾಗ ಸೀರಿ ಅಂಗಡಿಗೋಳು ಎಲ್ಲಾ ಮುಚ್ಯಾವೇನು?" ಅಂದೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಇದೆಲ್ಲ ಅತ್ತಿಗೆಯ ಕೈಬಿಗಿತ ಎಂದು ನಾನು ಮನಸ್ಸಿನಲ್ಲಿ ಅವಳನ್ನು ಸಾಕಷ್ಟು ಬೈದುಕೊಂಡೆ.

ಮೂರನೆಯ ಪಂಚಮಿಗೆ ಸೀರೆ ಬಂತು. ನಾರಾಯಣಪೇಟೆಯ ಒಳ್ಳೆಯ ಸೀರೆ, ಗಿಳಿಹಸಿರು ಮೈ, ಕೆಂಪು ಅಂಚು. ನೇರವಾಗಿ ಸಂತೋಷಪಡುವ ಗುಣ ನನ್ನದಲ್ಲ. "ಈ ವರ್ಷ ತಂಗಿ ನೆನಪಾದ್ಳೇನು?" ಅಂದೆ. ಅಣ್ಣ ಚಹಾ ಕುಡಿಯಲಿಲ್ಲ, ನಮ್ಮ ಅಪ್ಪನ ಹಾಗೆ ಅವನೂ ತಂಗಿಯ ಮನೆಯಲ್ಲಿ ಏನೂ ಬಾಯಿಗೆ ಹಾಕುವುದಿಲ್ಲ. ಎಲ್ಲಾ ಚಲೋ ಅದ ಅಂದ, ಬಸ್ಸಿಗೆ ಹೊತ್ತಾಯಿತೆಂದು ಹೋದ. ಸೀರೆಯನ್ನು ಫಾಲ್ ಹಚ್ಚುವವುಗಳ ಗಂಟಿನ ಮೇಲಿಟ್ಟೆ.

ಮೂರು ದಿನದಲ್ಲಿ ಉಂಡಿ ಮುಗಿಯುತ್ತ ಬಂದವು. ಡಬ್ಬಿಯ ತಳಕ್ಕೆ ಎಣ್ಣೆ ಹೀರಲೆಂದು ಒಂದು ಕಾಗದ ಹಾಸಿತ್ತು, ತಳದ ಅಳತೆಗೆ ಸರಿಯಾಗಿ ಗುಂಡಗೆ ಕತ್ತರಿಸಿದ್ದು. ಕೊನೆಯ ಶೇಂಗಾ ಉಂಡಿ ತೆಗೆದಾಗ ಅದರ ಕೆಳಗೆ ನನ್ನ ಹೆಸರು ಕಂಡಿತು. ಇಂಗ್ಲಿಷಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಹದಿನೈದು ದಿನದೊಳಗೆ ಬಾಕಿ ಕಟ್ಟದಿದ್ದರೆ ಕಾನೂನು ಕ್ರಮ ಎಂಬ ಸಾಲೂ ಇತ್ತು. ನಾಲ್ಕು ಮೂಲೆ ಕತ್ತರಿಗೆ ಹೋಗಿದ್ದವು. ತಾರೀಖು ಒಂದು ಮೂಲೆಯಲ್ಲಿತ್ತೆಂದು ಕಾಣುತ್ತದೆ.

ನಾನು ಉಂಡಿ ಕೈಯಲ್ಲಿ ಹಿಡಿದುಕೊಂಡೇ ಕುಳಿತೆ. ಹದಿನೈದು ದಿನ ಯಾವತ್ತಿನಿಂದ? ಕಾಗದ ಹೊಸದೋ ಹಳೆಯದೋ? ಅತ್ತಿಗೆ ಬೇಕೆಂದು ಹಾಸಿದಳೋ, ಕೈಗೆ ಸಿಕ್ಕದ್ದನ್ನು ಹಾಸಿದಳೋ? ನಾನು ಕಂತು ಬಿಟ್ಟದ್ದು ಅಣ್ಣನಿಗೆ ಗೊತ್ತಿಲ್ಲ ಎಂದೇ ನಾನು ನಂಬಿದ್ದೆ. ಕಾಗದಗಳೆಲ್ಲ ಅವನ ಮನೆಯ ವಿಳಾಸಕ್ಕೇ ಹೋಗುತ್ತವೆ ಎಂಬುದು ಅಷ್ಟು ದಿನ ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆಯಲು ನಾನು ಬಿಟ್ಟಿರಲಿಲ್ಲವೋ, ಅದನ್ನೂ ಹೇಳಲಾರೆ. ಫೋನು ಮಾಡಿ ಕೇಳಲು ಮುಖವಿರಲಿಲ್ಲ. ಒಂದೇ ಹೆದರಿಕೆ, ಈ ಮಷೀನು ಹೋಗುತ್ತದೆ. ಮಷೀನು ಹೋದರೆ ಅಂಗಡಿ ಹೋಯಿತು.

ಚಿಮ್ಮನಚೋಡದ ಕಡೆಯವಳಾದ ನಮ್ಮ ಅತ್ತೆಯನ್ನು ಕೇಳಿದೆ, ಯಾರದೋ ಸುದ್ದಿ ಎಂಬಂತೆ. ಬ್ಯಾರೆ ರಾಜ್ಯದ ಸಾಲ ಇಲ್ಲಿ ತನಕ ಬರ್ತದೇನು?

"ಯಾವ ಬ್ಯಾರೆ ರಾಜ್ಯ?" ಅಂದಳು ಅತ್ತೆ. "ನಿಜಾಮನ ಕಾಲದಾಗ ತಾಂಡೂರ, ಸೇಡಂ, ಚಿಂಚೋಳಿ ಎಲ್ಲಾ ಒಂದೇ ಇತ್ತಂತ ನಮ್ಮಪ್ಪ ಹೇಳ್ತಿದ್ದ. ಗೆರಿ ಆಮ್ಯಾಲ ಹೊಡದಾರ. ಸಾಲಕ್ಕ ಆ ಗೆರಿ ಕಾಣಸ್ತದೇನು? ಊರಿಗಿ ಬಂದಾಕಿ ನೀರಿಗಿ ಬರಲ್ಲೇನು?"

ಗಂಡ ವಾಡಿಯಲ್ಲಿ ಸಿಮೆಂಟ್ ಲಾರಿಗಳಿಗೆ ತಾಡಪತ್ರಿ ಕಟ್ಟುವ ಕೆಲಸ ಮಾಡುತ್ತಾನೆ. ಅಲ್ಲಿಗೆ ನಾಲ್ಕು ರಾಜ್ಯದ ಡ್ರೈವರುಗಳು ಬರುತ್ತಾರೆ, ಅವರನ್ನು ಕೇಳಿಕೊಂಡು ಬಾ ಎಂದೆ. ಅವನು ಎರಡು ಉತ್ತರ ತಂದ. ಒಬ್ಬ ಡ್ರೈವರ್, ಕಂತು ಕಟ್ಟದ ಲಾರಿಯನ್ನು ಫೈನಾನ್ಸಿನವರು ಇನ್ನೊಂದು ರಾಜ್ಯದ ನಡುರಸ್ತೆಯಲ್ಲೇ ತಡೆದು ಒಯ್ದರು ಅಂದನಂತೆ. ಇನ್ನೊಬ್ಬ, ಗಡಿ ದಾಟಿದರೆ ದೇವರೂ ಹಿಡಿಯಲಾರ, ತಾನು ಹತ್ತು ವರ್ಷದಿಂದ ಹಾಗೇ ಇದ್ದೇನೆ ಅಂದನಂತೆ. ಇಷ್ಟು ಹೇಳಿ ಗಂಡ ನನ್ನ ಮುಖ ನೋಡಿದ.

"ನಿನ್ನ ಮಷೀನಿನ ಕಂತ ಮುಗದದ ಇಲ್ಲೋ?" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಅಳು ಬಂತು, ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಾಳೆ ಚಿತ್ತಾಪುರಕ್ಕೆ ಹೋಗಿ ವಕೀಲರನ್ನು ಕೇಳು ಅಂದ.

ಚಿತ್ತಾಪುರದ ಆ ವಕೀಲರ ಹೆಂಡತಿ ನನ್ನ ಹಳೆಯ ಗಿರಾಕಿ. ಫೀಸಿನ ಬದಲು ಅವಳ ನಾಲ್ಕು ಸೀರೆಗೆ ಫಾಲ್ ಹಚ್ಚಿ ಕೊಡುವುದೆಂದು ಮಾತಾಯಿತು. ವಕೀಲರು ಆ ಗುಂಡು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಸಿ, ಇಂಥ ನೋಟೀಸು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಅಂದರು.

"ಬ್ಯಾರೆ ರಾಜ್ಯದವರು ಇಲ್ಲಿ ಬಂದು ವಸೂಲಿ ಮಾಡಲಿಕ್ಕ ಬರ್ತದೇನ್ರಿ?" ಎಂದೆ.

"ಯಾಕ ಬರಲ್ಲ? ಸಾಲ ಅಲ್ಲಿ ಆಗ್ಯಾದ, ಅಲ್ಲೇ ಕೇಸ್ ಹಾಕಬಹುದು. ನೀ ಇಲ್ಲಿ ಇರ್ತಿ, ಇಲ್ಲೂ ಹಾಕಬಹುದು. ಅಲ್ಲಿ ಡಿಕ್ರಿ ಆತಂದ್ರ ಅದನ್ನ ಸೇಡಂ ಕೋರ್ಟಿಗಿ ಕಳಸ್ತಾರ. ಇಲ್ಲಿನ ಅಮೀನನೇ ಕಾಗದ ಹಿಡಕೊಂಡು ನಿನ್ನ ಬಾಗಿಲಿಗಿ ಬರ್ತಾನ."

"ಹಂಗಾದ್ರ ಗಡಿ?"

"ಗಡಿ ಇರೋದು ನಿಮ್ಮ ಫ್ರೀ ಬಸ್ಸಿಗಿ ತಂಗಿ, ಸಾಲಕ್ಕಿಲ್ಲ."

"ಪೊಲೀಸರು ಬರ್ತಾರೇನ್ರಿ?"

"ಸಾಲ ತೀರಿಸಿಲ್ಲಂತ ಪೊಲೀಸರು ಹಿಡಿಯಂಗಿಲ್ಲ. ಚೆಕ್ ಕೊಟ್ಟಿದ್ರ ಮಾತು ಬ್ಯಾರೆ."

"ಮಷೀನ್ ಒಯ್ತಾರೇನ್ರಿ?"

"ಹೊಟ್ಟಿಪಾಡಿನ ಹತಾರ ಕೋರ್ಟಿನವರು ಜಪ್ತಿ ಮಾಡಂಗಿಲ್ಲ. ಆ ಮಷೀನಿನ ಮ್ಯಾಲೇ ಸಾಲ ಬರಕೊಂಡಿದ್ರ ಮಾತು ಬ್ಯಾರೆ."

ಪ್ರತಿ ಉತ್ತರದ ಬೆನ್ನಿಗೂ ಒಂದು ಮಾತು ಬ್ಯಾರೆ. ನನ್ನ ತಲೆಯಲ್ಲಿ ಬಾಬಿನ್ನಿನ ದಾರ ಗಂಟಾದ ಹಾಗೆ ಆಯಿತು. ಕೊನೆಗೆ ಅವರು ಕನ್ನಡಕ ತೆಗೆದು, "ಜಾಮೀನ ಯಾರು ಹಾಕ್ಯಾರ?" ಅಂದರು.

"ನಮ್ಮಣ್ಣ. ಅವ ಅಲ್ಲೇ ತಾಂಡೂರದಾಗೇ ಇರ್ತಾನ್ರಿ."

"ಹಂಗಾರ ಅವರು ನಿನ್ನ ಹುಡುಕ್ಕೊಂಡು ಸೇಡಂ ತನಕ ಯಾಕ ಬರ್ತಾರ?"

ನಾನು ಎಂಥ ಹೆಡ್ಡಿ ಎಂದರೆ, ಈ ಮಾತು ಕೇಳಿ ನನಗೆ ಸಮಾಧಾನವಾಯಿತು. ಅವರು ಬರುವುದಿಲ್ಲ ಎಂದು ವಕೀಲರೇ ಹೇಳಿದರಲ್ಲ! ತಾಂಡೂರಿಗೆ ಹೋಗಿ ಎಷ್ಟಿದೆ ಕೇಳಿ, ಕೈಲಾದಷ್ಟು ಕಟ್ಟಿ ಬಾ ಅಂದದ್ದಕ್ಕೆ ಆಗಲಿ ಎಂದು ಎದ್ದುಬಂದೆ. ಸೇಡಮ್ಮಿನ ರೈಲಿನಲ್ಲಿ ಕಿಟಕಿಗೆ ಕುಳಿತಾಗ ಮಾತ್ರ ಆ ಪ್ರಶ್ನೆ ಯಾಕೋ ಸರಿಯಾಗಿ ಕೂರಲಿಲ್ಲ, ಅಳತೆ ತಪ್ಪಿದ ತೋಳಿನ ಹಾಗೆ ಎಲ್ಲೋ ಹಿಡಿಯುತ್ತಿತ್ತು.

ನಾಲ್ಕು ದಿನದ ಮೇಲೆ ಚೀಟಿ ಎತ್ತಿದ ರೊಕ್ಕವನ್ನು ಚೀಲದಲ್ಲಿಟ್ಟುಕೊಂಡು ತಾಂಡೂರಿಗೆ ಹೋದೆ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡಿದ್ದೆ. ಬಡ್ಡಿ ಬಿಡಿ, ಮಷೀನು ಮುಟ್ಟಬೇಡಿ, ಸೇಡಂ ಕೋರ್ಟಿಗೆ ಬರುವುದಾದರೆ ಬನ್ನಿ, ನಮ್ಮಲ್ಲೂ ವಕೀಲರಿದ್ದಾರೆ. ಫೈನಾನ್ಸಿನ ಆಫೀಸಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ನನ್ನ ಆಧಾರ್ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ನನ್ನನ್ನು ನೋಡಿದಳು.

"ಕ್ಲೋಸ್ ಅಯಿಪೋಯಿಂದಮ್ಮಾ," ಅಂದಳು.

ಮುಗಿದುಹೋಗಿದೆಯಂತೆ. ಯುಗಾದಿಗೂ ಮುಂಚೆಯೇ ಮುಗಿದಿದೆಯಂತೆ. ಯಾವುದೋ ತಪ್ಪು ಹೆಸರು ನೋಡುತ್ತಿದ್ದಾಳೆ ಎಂದು ನಾನೇ ವಾದ ಮಾಡಿದೆ. ಇಲ್ಲ ತಾಯಿ, ಬಾಕಿ ಇದೆ, ನಾನು ಕಟ್ಟಿಲ್ಲ, ಸರಿಯಾಗಿ ನೋಡು. ಅವಳು ಬೇಸರದಿಂದ ಒಂದು ಫೈಲು ತೆಗೆದು, ಬಾಕಿ ಇಲ್ಲ ಎಂಬ ಪತ್ರದ ನಕಲನ್ನು ನನ್ನ ಕಡೆ ತಿರುಗಿಸಿದಳು. ಕೆಳಗೆ, ಪಡೆದುಕೊಂಡವರು ಎಂಬಲ್ಲಿ, ಅಣ್ಣನ ತೆಲುಗು ಸಹಿ ಇತ್ತು. ಅದೇ ದೊಡ್ಡ ದೊಡ್ಡ ಅಕ್ಷರ.

ಆಗ ವಕೀಲರ ಪ್ರಶ್ನೆ ನನಗೆ ಅರ್ಥವಾಯಿತು. ಫೈನಾನ್ಸಿನವರಿಗೆ ಸೇಡಂ ಬೇಕಾಗಿರಲಿಲ್ಲ. ಗಡಿ ದಾಟುವ ಕೆಲಸವೇ ಇರಲಿಲ್ಲ. ಹಿಂಡಿ ವಸೂಲಿ ಮಾಡಲು ನಮ್ಮ ಮನೆಯವನೊಬ್ಬ ಅವರ ಕೈಯಳತೆಯಲ್ಲೇ ಇದ್ದ.

ತವರಿನ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಅತ್ತಿಗೆ ಮೆಣಸಿನ ಗಿಡ ಹಚ್ಚಿದ್ದಳು. ಗಿಡ ಮೊಣಕಾಲೆತ್ತರ ಬಂದು ಕಾಯಿ ಕೆಂಪಾಗಿದ್ದವು. ಅಂದು ಕಾರ್ಖಾನೆಗೆ ರಜೆ, ಅಣ್ಣ ಮನೆಯಲ್ಲೇ ಇದ್ದ. ನನ್ನನ್ನು ಕಂಡು, ಪಂಚಮಿ ಮುಗಿದ ಮೇಲೆ ಬಂದಿಯಲ್ಲ ಎಂದು ನಕ್ಕ. ಕೃತಜ್ಞತೆ ಬರಬೇಕಾದ ಕಡೆ ನನಗೆ ಸಿಟ್ಟು ಬಂತು. ಯಾಕೆ ಎಂದು ಈಗಲೂ ಗೊತ್ತಿಲ್ಲ.

"ನನಗ ಯಾಕ ಹೇಳಲಿಲ್ಲ?" ಎಂದು ಹೊಸ್ತಿಲಲ್ಲೇ ನಿಂತು ಕೂಗಾಡಿದೆ. "ಎರಡು ವರ್ಷ ನಿನ್ನ ಮುಂದ ಕುಂತು ಸೀರಿ ಕೇಳೀನಿ. ಹೇಳಬೇಕಿಲ್ಲೇನು?"

"ನಿನ್ನ ಮನಿಗಿ ಬರೋದೇ ಪಂಚಮಿಗಿ. ಉಂಡಿ ಹಿಡಕೊಂಡು ಬಂದು ಹೆಂಗ ಹೇಳ್ಲಿ?"

"ಫೋನ್ ಇದ್ದಿಲ್ಲೇನು?"

"ನೀ ನಂಬರ್ ಬದಲಿ ಮಾಡಿದ್ದಿ," ಅಂದ ಅಣ್ಣ. "ಆರು ತಿಂಗಳ ನಮಗೂ ಹೊಸಾದು ಕೊಟ್ಟಿದ್ದಿಲ್ಲ."

ಉಳಿದದ್ದನ್ನು ಅತ್ತಿಗೆ ಹೇಳಿದಳು, ಒಲೆಯ ಕಡೆ ಮುಖ ಮಾಡಿಕೊಂಡು. ವಸೂಲಿಯವರು ಕಾರ್ಖಾನೆಗೇ ಬಂದು, ಮಾಲೀಕನ ಕಣ್ಣೆದುರಿಗೆ ಕಲ್ಲಿನ ಅಟ್ಟಿಯ ಮೇಲೆ ಮೂರು ದಿನ ಕುಳಿತರಂತೆ. ಕೆಲಸದವರೆಲ್ಲ ನೋಡುತ್ತಿದ್ದರಂತೆ. ನಾಲ್ಕನೆಯ ದಿನ ಅಣ್ಣ ಗಾಡಿ ಮಾರಿದ. ಉಳಿದದ್ದು ಪಗಾರದಲ್ಲಿ ಹಿಡಿಸಿಕೊಂಡ.

ಚೀಲದಿಂದ ರೊಕ್ಕ ತೆಗೆದು ಅವನ ಮುಂದಿಟ್ಟೆ. ಇದು ಈಗಿನದು, ಉಳಿದದ್ದು ತಿಂಗಳಿಗಿಷ್ಟು ಕೊಡುತ್ತೇನೆ ಅಂದೆ. ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡ.

"ತಂಗಿ ಮನಿ ರೊಕ್ಕ ಈ ಹೊಸ್ತಿಲ ದಾಟಿ ಒಳಗ ಬರಬಾರದವ್ವ. ಅಪ್ಪ ನಿನ್ನ ಮನ್ಯಾಗ ನೀರ ಸೈತ ಕುಡೀಲಿಲ್ಲ. ಒಳಗ ಇಟಗೋ."

"ಇದು ನಿಂದೇ ಅಣ್ಣಾ, ನನ್ನ ಮನಿದಲ್ಲ."

"ಒಳಗ ಇಟಗೋ," ಅಂದ, ಈ ಸಲ ನಗದೆ.

ಅತ್ತಿಗೆ ಒಂದು ಕ್ಷಣ ತಿರುಗಿ ಆ ರೊಕ್ಕ ನೋಡಿದಳು. ಬಹಳ ಹೊತ್ತು ನೋಡಲಿಲ್ಲ, ಆದರೆ ನೋಡಿದಳು. ಹೊರಡುವಾಗ ನನಗೆ ಉಡಿ ತುಂಬಿದಳು, ಅಕ್ಕಿ, ಅಡಿಕೆ, ಎಲೆ, ಮತ್ತೊಂದು ಖಣ. ಅಣ್ಣ ಹೊರಗಿದ್ದಾಗ ಮೆಲ್ಲಗೆ ಕೇಳಿದೆ, "ಡಬ್ಬಿಯೊಳಗ ಆ ಕಾಗದ ನೀನೇ ಬೇಕಂತ ಹಾಕಿದ್ದೇನು?"

"ಯಾವ ಕಾಗದ?" ಅಂದಳು ಅತ್ತಿಗೆ. "ಎಣ್ಣಿ ಹತ್ತಬಾರದಂತ ಏನರೆ ಸಿಕ್ಕಿದ್ದು ಕತ್ತರಿಸಿ ಹಾಕಿರ್ತೀನಿ."

ಇರಬಹುದು. ಆದರೆ ನಾನು ಕತ್ತರಿ ಹಿಡಿದು ಬದುಕುವವಳು. ಕೈಗೆ ಸಿಕ್ಕ ಕಾಗದವನ್ನು ಸುಮ್ಮನೆ ಕತ್ತರಿಸಿದ್ದರೆ ನನ್ನ ಹೆಸರು ಎಲ್ಲಾದರೂ ಅಂಚಿಗೆ ಹೋಗಬೇಕಿತ್ತು. ಅದು ಸರಿಯಾಗಿ ನಡುವೆ ಇತ್ತು. ಅವಳನ್ನು ಬೈದುಕೊಂಡ ಎರಡು ವರ್ಷವನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಕೊಡಲು ಹೋದವಳು ಕೊಂಡೊಯ್ದದ್ದನ್ನೂ, ಮೇಲೊಂದು ಖಣವನ್ನೂ ಹಿಡಿದು ಅದೇ ರೈಲಿನಲ್ಲಿ ವಾಪಸು ಬಂದೆ. ಫಾಲ್ ಹಚ್ಚಿದ ಸೀರೆಗಳನ್ನು ಚಿತ್ತಾಪುರಕ್ಕೆ ಕೊಡಲು ಹೋದಾಗ ವಕೀಲರನ್ನು ಮತ್ತೆ ಕೇಳಿದೆ, ಅಣ್ಣ ರೊಕ್ಕ ತೆಗೆದುಕೊಳ್ಳುವ ಹಾಗೆ ಮಾಡಲು ಏನಾದರೂ ಕಾನೂನು ಇದೆಯೇ ಎಂದು. ಕೊಡಲ್ಲ ಅನ್ನುವವರಿಗೆ ಎಷ್ಟೋ ಕಾನೂನು ಇವೆ, ತಗೊಳ್ಳಲ್ಲ ಅನ್ನುವವರಿಗೆ ನನಗೆ ಗೊತ್ತಿಲ್ಲ ಎಂದರು ಅವರು. ಅಣ್ಣನ ಮಗಳ ಮದುವೆಯಲ್ಲಿ ಸೋದರತ್ತೆಯಾಗಿ ಕೊಡಬಹುದಲ್ಲ ಎನ್ನುತ್ತಾಳೆ ನಮ್ಮತ್ತೆ. ಆ ಹುಡುಗಿ ಶಾಲೆಯಲ್ಲಿ ಇನ್ನೂ ಐದನೆಯ ಇಯತ್ತೆ. ನಾರಾಯಣಪೇಟೆ ಸೀರೆಗೆ ನಾನಿನ್ನೂ ಫಾಲ್ ಹಚ್ಚಿಲ್ಲ. ದಿನಾ ಗಂಟಿನಿಂದ ತೆಗೆಯುತ್ತೇನೆ, ಮತ್ತೆ ಇಡುತ್ತೇನೆ.

ಒಂದು ಕೆಲಸ ಮಾತ್ರ ಗೊಂದಲವಿಲ್ಲದೆ ಮಾಡಬೇಕಾಗಿತ್ತು. ಶಹಾಬಾದಿನವಳಿಗೆ ಫೋನು ಮಾಡಿದೆ.

"ನಾ ಅವತ್ತು ಹೇಳಿದ್ದು ತಪ್ಪದ," ಅಂದೆ. "ಸಾಲ ಗಡಿ ದಾಟ್ತದ. ಇನ್ನಾ ದಾಟಿ ಬಂದಿಲ್ಲಂದ್ರ, ಆ ಕಡಿ ಜಾಮೀನ ಹಾಕಿದ ನಿಮ್ಮವರು ಯಾರರೆ ಇದ್ದಾರೇನು ಮೊದಲ ನೋಡು."

ಆ ಕಡೆ ಮಿಕ್ಸರಿನ ಸದ್ದು ಬರುತ್ತಿತ್ತು, ಅದು ನಿಂತಿತು.

"ಸೊಲ್ಲಾಪುರದಾಗ ನಮ್ಮ ಮಾಮು ಅದಾರಕ್ಕಾ," ಅಂದಳು. "ಈದಿಗಿ ಬಂದಾಗ ಎಲ್ಲಾ ಚಲೋ ಅದ ಅಂದ್ರು."